ಒಂಟಿ ಕಣ್ಣಿನಲ್ಲಿ ರೈಲು ಪ್ರಯಾಣ

ಎಡಗಣ್ಣಿನ ಕಾರ್ನಿಯಾ ಮೇಲೆ ಸಣ್ಣ ಗೀರು ಬಿದ್ದಿತ್ತು. ಡಾಕ್ಟರು ಮುಲಾಮು ಹಾಕಿ, ಪಟ್ಟಿ ಕಟ್ಟಿ, ನಾಳೆಯವರೆಗೆ ಬಿಚ್ಚಬೇಡಿ ಅಂದರು. ಆದರೆ ಅವತ್ತೇ ನಾನು ರೈಲು ಹತ್ತಲೇಬೇಕಿತ್ತು. ಜೊತೆಗೆ ಅಣ್ಣನ ಮಗಳು ಇದ್ದಳು.

ರೈಲು ಇನ್ನೂ ಹೊರಟಿರಲಿಲ್ಲ. ಬಾಟಲಿಯಿಂದ ಲೋಟಕ್ಕೆ ನೀರು ಬಗ್ಗಿಸಿದೆ. ನೀರು ಲೋಟದ ಆಚೆ ಬಿತ್ತು. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ ಇದೆ. ಹಾಗಾಗಿ ಎರಡಕ್ಕೂ ಕಾಣುವ ನೋಟ ಚೂರು ಬೇರೆ. ಆ ವ್ಯತ್ಯಾಸದಿಂದ ಮಿದುಳು ಹತ್ತಿರ, ದೂರ ಲೆಕ್ಕ ಹಾಕುತ್ತದೆ. ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣು ಮೂಗಿನ ಕಡೆ ತಿರುಗುತ್ತವೆ. ಎಷ್ಟು ತಿರುಗಿದವು ಅನ್ನುವುದೂ ಒಂದು ಸುಳಿವು. ಒಂದು ಕಣ್ಣು ಮುಚ್ಚಿದರೆ ಇವೆರಡೂ ಹೋದವು. ಕಿಟಕಿಯಾಚೆ ನೋಡಿದೆ. ಗಿಡ, ಕಂಬ, ಗುಡ್ಡ ಎಲ್ಲವೂ ಗೋಡೆಗೆ ಅಂಟಿಸಿದ ಚಿತ್ರದ ಹಾಗೆ ಚಪ್ಪಟೆ.

ರೈಲು ಹೊರಟಿತು. ಸ್ವಲ್ಪ ವೇಗ ಬಂತು ನೋಡಿ, ಆ ಚಪ್ಪಟೆ ನೋಟ ಬಿಚ್ಚಿಕೊಂಡಿತು. ಕಂಬ ಮುಂದೆ ಬಂತು, ಮರ ಅದರ ಹಿಂದೆ ನಿಂತಿತು, ಗುಡ್ಡ ಎಲ್ಲೋ ದೂರಕ್ಕೆ ಹೋಯಿತು. ಪಟ್ಟಿ ಕಟ್ಟಿಕೊಂಡಿದ್ದೇನೆ ಅನ್ನುವುದೇ ಮರೆತುಹೋಯಿತು.

ಇದಕ್ಕೆ ಮೋಷನ್ ಪ್ಯಾರಲಾಕ್ಸ್ ಅನ್ನುತ್ತಾರೆ. ಹತ್ತಿರದ್ದು ಬೇಗ ಓಡುತ್ತದೆ, ದೂರದ್ದು ನಿಧಾನ. ಇಷ್ಟು ಎಲ್ಲರಿಗೂ ಗೊತ್ತು, ಆದರೆ ಇದು ಅರ್ಧ ಮಾತು. ಮಾಡಲು ಬೇರೆ ಕೆಲಸ ಇರಲಿಲ್ಲ, ಓದಿದರೆ ಕಣ್ಣು ನೋಯುತ್ತಿತ್ತು. ಹಾಗಾಗಿ ನೋಟವನ್ನೇ ಅತ್ತಿತ್ತ ಬದಲಿಸುತ್ತಾ ಕುಳಿತೆ. ಹೊಲದ ನಡುವಿನ ಒಂದು ಮರದ ಮೇಲೆ ಕಣ್ಣು ನೆಟ್ಟರೆ, ಮರದ ಈಚೆಗಿನ ಪೊದೆಗಳು ಹಿಂದಕ್ಕೆ ಓಡುತ್ತವೆ. ಆಚೆಗಿನ ಗುಡ್ಡ ಮಾತ್ರ ನಮ್ಮ ಜೊತೆ ಮುಂದಕ್ಕೆ ಬರುತ್ತದೆ. ಗುಡ್ಡದ ಮೇಲೆ ಕಣ್ಣು ನೆಟ್ಟರೆ ಅದೇ ಮರ ಹಿಂದಕ್ಕೆ ಹೋಗುವ ಗುಂಪಿಗೆ ಸೇರುತ್ತದೆ. ಕಿಟಕಿ ಗಾಜಿನ ಮೇಲಿದ್ದ ಕಲೆಯನ್ನು ನೋಡಿದರೆ ಎಲ್ಲವೂ ಒಟ್ಟಿಗೆ ಹಿಂದಕ್ಕೆ ಜಾರುತ್ತವೆ. ರೈಲು ಅದೇ, ಹೊಲ ಅದೇ. ಬದಲಾದದ್ದು ನನ್ನ ಕಣ್ಣು ತಿರುಗುವ ರೀತಿ ಮಾತ್ರ.

ಇಲ್ಲೊಂದು ತೊಡಕಿದೆ. ಯಾವುದೋ ಒಂದು ವಸ್ತು ನೋಟದಲ್ಲಿ ಎಡಕ್ಕೆ ಸರಿಯಿತು ಅನ್ನಿ. ಅದು ನಾನು ನೋಡುತ್ತಿರುವ ಮರಕ್ಕಿಂತ ಹತ್ತಿರದ್ದೋ, ದೂರದ್ದೋ? ಸರಿದದ್ದನ್ನಷ್ಟೇ ನೋಡಿ ಹೇಳಲಾಗದು. ರೈಲು ಆ ಕಡೆಯಿಂದ ಈ ಕಡೆಗೆ ಹೊರಟಿದ್ದರೆ ಉತ್ತರ ತಿರುವುಮುರುವಾಗುತ್ತಿತ್ತು. ಇದನ್ನು ಬಿಡಿಸುವುದು ಕಣ್ಣಿನ ತಿರುಗಾಟ. ಮರವನ್ನು ಬಿಡದೆ ನೋಡಬೇಕಾದರೆ ಕಣ್ಣು ಮೆಲ್ಲಗೆ ತಿರುಗುತ್ತಲೇ ಇರಬೇಕು. ಅದು ತಿರುಗುವ ದಿಕ್ಕಿಗೇ ಸರಿದದ್ದು ಹತ್ತಿರದ್ದು, ಎದುರು ದಿಕ್ಕಿಗೆ ಸರಿದದ್ದು ದೂರದ್ದು. ಮಾರ್ಕ್ ನಾವ್ರಾಟ್ ಎಂಬ ಸಂಶೋಧಕರು ಈ ಮಾತನ್ನು ಪ್ರಯೋಗಗಳಿಂದ ತೋರಿಸಿದರು. 2009ರಲ್ಲಿ ಅವರೂ ನರವಿಜ್ಞಾನಿ ಗ್ರೆಗ್ ಡಿಆಂಜೆಲಿಸ್ ತಂಡದವರೂ ಸೇರಿ ಕೋತಿಗಳ ಮಿದುಳಿನ ಎಂಟಿ ಎಂಬ ಭಾಗವನ್ನು ಪರೀಕ್ಷಿಸಿದರು. ಚಲನೆಯನ್ನು ಗುರುತಿಸಲು ಹೆಸರಾದ ಭಾಗ ಅದು. ಅಲ್ಲಿನ ನರಕೋಶಗಳು ನೋಟದ ಚಲನೆಯ ಜೊತೆಗೆ ಕಣ್ಣು ತಿರುಗುವ ಸುದ್ದಿಯನ್ನೂ ಸೇರಿಸಿಕೊಂಡೇ ಹತ್ತಿರ, ದೂರ ವಿಂಗಡಿಸುತ್ತಿದ್ದವು. ಕಣ್ಣನ್ನು ಕ್ಯಾಮೆರಾ ಅಂತ ಹೇಳಿಕೊಡುವ ಪಾಠ ನನಗೆ ಅದಕ್ಕೇ ಹಿಡಿಸುವುದಿಲ್ಲ.

ನಾನು ಇದರಲ್ಲೇ ಮುಳುಗಿದ್ದಾಗ ಎದುರು ಸೀಟಿನಿಂದ ಪ್ರಶ್ನೆ ಬಂತು. "ಅತ್ತೆ, ನಿಮ್ಮ ಕಣ್ಣು ಯಾಕೆ ಹೀಗೆ ಅದುರ್ತಾ ಇದೆ?"

"ಅದುರ್ತಾ ಇದೆಯಾ? ನನಗೇನೂ ಗೊತ್ತಾಗ್ತಿಲ್ಲವಲ್ಲ."

"ಹೂಂ ಅತ್ತೆ. ನಿಧಾನ ಹೋಗುತ್ತೆ, ಟಕ್ ಅಂತ ವಾಪಸ್ ಬರುತ್ತೆ."

ನೀನೂ ಕಿಟಕಿ ಕಡೆ ನೋಡು ಅಂದೆ. ಅವಳ ಕಣ್ಣೂ ಹಾಗೇ ಮಾಡುತ್ತಿತ್ತು. ಒಂದು ಕಂಬವನ್ನು ಹಿಡಿದು ಸ್ವಲ್ಪ ದೂರ ಹಿಂಬಾಲಿಸುವುದು, ಅದನ್ನು ಬಿಟ್ಟು ಮುಂದಿನದಕ್ಕೆ ಹಾರುವುದು. ಓಡುವ ರೈಲಿನಲ್ಲಿ ಹೊರಗೆ ನೋಡುವ ಎಲ್ಲರ ಕಣ್ಣೂ ಹೀಗೇ. ಆ ಹಾರಾಟ ನಮಗೆ ಕಾಣುವುದೇ ಇಲ್ಲ, ಯಾಕೆಂದರೆ ಕಣ್ಣು ಹಾರುವ ಗಳಿಗೆಯಲ್ಲಿ ಮಿದುಳು ನೋಟವನ್ನು ಮಂಕು ಮಾಡಿಬಿಡುತ್ತದೆ. ನಂಬಿಕೆ ಇಲ್ಲದಿದ್ದರೆ ಕನ್ನಡಿಯಲ್ಲಿ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ನೋಟ ಬದಲಿಸಿ. ನಿಮ್ಮ ಕಣ್ಣು ಅಲುಗಿದ್ದು ನಿಮಗೇ ಕಾಣದು. ಫೋನಿನ ಮುಂದಿನ ಕ್ಯಾಮೆರಾದಲ್ಲಾದರೆ ಕಾಣುತ್ತದೆ, ಅದು ಚಿತ್ರವನ್ನು ಚೂರು ತಡವಾಗಿ ತೋರಿಸುತ್ತದೆ. ಹುಡುಗಿ ಆಮೇಲೆ ಫೋನನ್ನು ವಾಪಸ್ ಕೊಡಲಿಲ್ಲ.

ಇನ್ನೊಂದು ವಿಚಿತ್ರ. ಕಣ್ಣಿನಿಂದ ಹಿಂಬಾಲಿಸಿದ ಕಂಬ ನಿಧಾನ ಅನ್ನಿಸುತ್ತದೆ. ಕಣ್ಣನ್ನು ಅಲುಗಿಸದೆ ಸುಮ್ನೆ ದಾಟಲು ಬಿಟ್ಟರೆ ಅದೇ ಕಂಬ ಜಾಸ್ತಿ ವೇಗದಲ್ಲಿ ಹೋದಂತೆ ಕಾಣುತ್ತದೆ. ಫ್ಲೈಷ್ಲ್ ಮತ್ತು ಔಬರ್ಟ್ ಎಂಬಿಬ್ಬರು ವಿಜ್ಞಾನಿಗಳು 1880ರ ದಶಕದಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅಂದರೆ ಕಣ್ಣು ತಿರುಗಿದ ಲೆಕ್ಕವನ್ನು ಮಿದುಳು ಇಟ್ಟುಕೊಳ್ಳುತ್ತದೆ ನಿಜ, ಆದರೆ ಪೂರ್ತಿ ಸರಿಯಾಗಿ ಅಲ್ಲ.

ಇಳಿಯುವಾಗ ಮತ್ತೆ ಕಷ್ಟ. ರೈಲು ನಿಂತಿತ್ತು, ಮೆಟ್ಟಿಲು ಎಷ್ಟು ಕೆಳಗಿದೆ ತಿಳಿಯಲಿಲ್ಲ. ನನಗೆ ಗೊತ್ತಿಲ್ಲದೆಯೇ ತಲೆಯನ್ನು ಅತ್ತಿತ್ತ ತೂಗಿದೆ. ಮೆಟ್ಟಿಲಿನ ಅಂಚು ಪ್ಲಾಟ್‌ಫಾರ್ಮಿನಿಂದ ಬೇರೆಯಾಗಿ ಕಂಡಿತು. ಮಿಡತೆಯೂ ಹಾರುವ ಮೊದಲು ಹೀಗೇ ಮೈ ತೂಗಿ ದೂರ ಅಳೆಯುತ್ತದೆ. ಹುಡುಗಿ ನಕ್ಕಳು. ನಾನು ಇನ್ನೊಮ್ಮೆ ತೂಗಿ ಕಾಲಿಟ್ಟೆ.

ಅಲ್ಲಿಂದ ಮುಂದೆ ಟ್ಯಾಕ್ಸಿ. ಡ್ರೈವರ್ ಪಕ್ಕ ಕುಳಿತೆ. ಗಾಡಿ ಓಡುತ್ತಿದೆ, ಆದರೂ ಮುಂದಿನ ಲಾರಿ ಎಷ್ಟು ದೂರ ಇದೆ ಅನ್ನುವುದು ಸರಿಯಾಗಿ ತಿಳಿಯದು! ಯೋಚಿಸಿದರೆ ಸಹಜವೇ. ನಾವು ಯಾವ ಕಡೆ ಹೋಗುತ್ತಿದ್ದೇವೋ ನೇರ ಅದೇ ಕಡೆ ಇರುವುದು ನೋಟದಲ್ಲಿ ಅಕ್ಕಪಕ್ಕಕ್ಕೆ ಸರಿಯುವುದು ತೀರಾ ಕಡಿಮೆ. ಕಣ್ಣಿಗೆ ಹಿಂಬಾಲಿಸಲು ಏನೂ ಸಿಗುವುದಿಲ್ಲ. ಲಾರಿ ಬ್ರೇಕ್ ಹಾಕಿದಾಗಲೆಲ್ಲ ಕಾಲು ಚಾಚಿ ನಾನೂ ಬ್ರೇಕ್ ಒತ್ತುತ್ತಿದ್ದೆ. ಕೊನೆಗೆ ಗಾಡಿ ನಿಲ್ಲಿಸಿ ಅಂತ ಹೇಳಿ, ಹಿಂದಿನ ಸೀಟಿಗೆ ಹೋಗಿ ಪಕ್ಕದ ಕಿಟಕಿ ಹಿಡಿದು ಕುಳಿತೆ.