ಒಂಬತ್ತನೇ ಮೆಟ್ಟಿಲು

17 ಸೆಪ್ಟೆಂಬರ್ 2023, ಭಾನುವಾರ
ಗದಗ, ರಾತ್ರಿ 10.30

ನಾಳೆ ಗಣೇಶ ಚವತಿ. ಅತ್ತೆ ಇನ್ನೂ ಅಡುಗೆಮನೆಯಲ್ಲಿ ಕೂತು ಕರ್ಚಿಕಾಯಿಗೆ ಒಣಕೊಬ್ಬರಿ ಹೆರೆಯುತ್ತಿದ್ದಾರೆ. ನನಗೂ ಕೆಲಸ ಬಾಕಿ ಇದೆ. ಆದರೆ ಇವತ್ತಿನದನ್ನು ಇವತ್ತೇ ಬರೆದಿಡಬೇಕು. ನಾಳೆ ಹಬ್ಬದ ಗದ್ದಲದಲ್ಲಿ ಇದು ಸಣ್ಣದಾಗಿಬಿಡುತ್ತೆ, ನಾಡಿದ್ದು ಮರೆತೇ ಹೋಗುತ್ತೆ. ಮರೆಯೋದು ನನಗೆ ಬೇಡ.

ಮೊದಲು ಹಿಂದಿನದನ್ನು ಹೇಳಬೇಕು.

ನಮ್ಮ ಮನೆ ಮುಳಗುಂದ ನಾಕಾದ ಹತ್ತಿರ. ಮಹಡಿ ಮೇಲಿನ ಮನೆ ಜೂನ್‌ನಿಂದ ಖಾಲಿ ಇದೆ. ಮೂರು ವಾರದ ಹಿಂದೆ, ಅವತ್ತೂ ಭಾನುವಾರ, ಗಂಡ ಹೆಂಡತಿ ಇಬ್ಬರು ಗೇಟಿನ ಬೋರ್ಡಿನ ಬಗ್ಗೆ ಯಾರೋ ಹೇಳಿದರು ಅಂತ ಕೇಳಿಕೊಂಡು ಬಂದರು. ಮೂವತ್ತರ ಆಸುಪಾಸಿನವರು. ಅವರು ಬ್ಯಾಂಕಿನಲ್ಲಿ ಕ್ಲರ್ಕ್, ಆಕೆ ಸಂಗೀತದ ಟೀಚರ್. ಇಬ್ಬರಿಗೂ ಕಣ್ಣು ಕಾಣುವುದಿಲ್ಲ.

"ಮನಿ ನೋಡಾಕ ಬಂದೀವ್ರಿ ಅಕ್ಕಾರ" ಅಂದರು ಆಕೆ.

"ನೋಡಾಕ" ಅಂದದ್ದಕ್ಕೆ ನಾನು ಒಂದು ಗಳಿಗೆ ತಡವರಿಸಿದೆ. ಆಕೆಗೆ ಏನೂ ಅನ್ನಿಸಿರಲಿಲ್ಲ. ಮತ್ತೆ ಅವರು ಮನೆ ನೋಡಿದ್ದೂ ಹಾಗೇ. ಗಂಡ ಕೋಲು ತಟ್ಟುತ್ತಾ ಮೇಲೆ ಹತ್ತಿ, ಬಾಗಿಲ ಮುಂದೆ ನಿಂತು, "ಹದಿನೇಳ ಮೆಟ್ಟಲ ಅದಾವ. ಒಂಬತ್ತನೇದ ಸ್ವಲ್ಪ ಎತ್ತರ ಐತಿ, ನೀ ಹುಷಾರು" ಅಂತ ಹೆಂಡತಿಗೆ ಹೇಳಿದರು. ನಾನು ಮೊದಲೇ ಗೊತ್ತಿದ್ದವಳ ಹಾಗೆ ಹೂಂ ಅಂದೆ. ಒಳಗೆ ಹೋದ ಮೇಲೆ ಅವರು ಒಮ್ಮೆ ಚಪ್ಪಾಳೆ ತಟ್ಟಿ, ದನಿ ಕೇಳಿ, "ಪಡಸಾಲಿ ದೊಡ್ಡದೈತಿ" ಅಂದರು. ಆಕೆ ಅಡುಗೆ ಕಟ್ಟೆಯ ಮೇಲೆ ಅಂಗೈ ಇಟ್ಟು ಈ ತುದಿಯಿಂದ ಆ ತುದಿಗೆ ಎಳೆದರು. ಸಿಂಕ್ ಎಲ್ಲಿ, ಸಿಲಿಂಡರ್ ಇಡೋದು ಎಲ್ಲಿ, ಕಿಟಕಿ ಎಷ್ಟು ಎತ್ತರ. "ಬಚ್ಚಲದ ನೀರ ಯಾ ಕಡೆ ಹರೀತಾವ್ರಿ?" ಅಂತಲೂ ಕೇಳಿದರು. ಇಷ್ಟು ಸರಿಯಾಗಿ ಮನೆ ನೋಡಿದವರು ನಮಗೆ ಈವರೆಗೆ ಸಿಕ್ಕಿರಲಿಲ್ಲ.

ಅತ್ತೆಗೆ ತಡೆಯಲಾಗಲಿಲ್ಲ. "ಗ್ಯಾಸ್ ಹಚ್ಚೂದು ಹ್ಯಾಂಗವಾ? ಒಗ್ಗರಣಿ ಹೊತ್ತಿದ್ರ?"

"ಎಣ್ಣಿ ಕಾದದ್ದು ವಾಸನಿಗೆ ತಿಳೀತೈತ್ರಿ. ಸಾಸಿವಿ ಸಿಡಿಯೂದು ಕಿವಿಗೆ ಕೇಳ್ತೈತಿ. ಉರಿ ಸಣ್ಣದು ದೊಡ್ಡದು ಅನ್ನೂದೂ ಕೇಳ್ತೈತ್ರಿ." ವಾಷಿಂಗ್ ಮಷೀನಿನ ಗುಂಡಿಗಳ ಮೇಲೆ ಹಣೆಗಿಡುವ ಟಿಕಳಿ ಅಂಟಿಸಿಕೊಂಡಿದ್ದಾರಂತೆ. ಒಂದು ಟಿಕಳಿ ಇದ್ದರೆ ಚಾಲೂ ಮಾಡೋದು, ಎರಡಿದ್ದರೆ ಹಿಂಡೋದು. "ರೊಟ್ಟಿ ಬಡೀತಿಯೇನು?" ಅಂದರು ಅತ್ತೆ. ಆಕೆ ನಕ್ಕರು. "ರೊಟ್ಟಿ ತೆಳ್ಳಗಾದಂಗ ಬಡಿಯೂ ಸಪ್ಪಳ ಬ್ಯಾರೆ ಆಗ್ತೈತಲ್ರಿ ಅಮ್ಮಾರ. ಅದನ್ನ ಕೇಳಕೋತ ಬಡೀತೀನಿ."

ಅದು ನಿಜ. ನಾನು ಇಷ್ಟು ವರ್ಷ ರೊಟ್ಟಿ ಬಡಿದಿದ್ದೀನಿ. ಆ ಸಪ್ಪಳ ಬದಲಾಗೋದನ್ನ ಗಮನಿಸಿದ್ದು ಮರುದಿನ ಬೆಳಗ್ಗೆ.

ಅವರಿಗೆ ಫೋನ್ ಮಾಡ್ತೀವಿ ಅಂತ ಹೇಳಿ ಕಳಿಸಿದೆವು. ರಾತ್ರಿ ಊಟಕ್ಕೆ ಕೂತಾಗ ಒಂದೊಂದೇ ಮಾತು ಬಂತು. ಮೆಟ್ಟಿಲ ಮೇಲಿಂದ ಬಿದ್ದರೆ ಯಾರು ಹೊಣೆ? ಗ್ಯಾಸ್ ಹಂಗೇ ಬಿಟ್ಟರೆ? ದಿನಾ ಅವರನ್ನ ನೋಡಿಕೊಳ್ಳೋರು ಯಾರು? ಯಾರ ಪೈಕಿ ಅಂತಲೂ ಗೊತ್ತಾಗಲಿಲ್ಲವಲ್ಲ? ನಮ್ಮನ್ನ ನೋಡಿಕೊಳ್ಳಿ ಅಂತ ಅವರು ಕೇಳಿರಲೇ ಇಲ್ಲ. ಕೇಳಿದ್ದು ಮನೆ. ಬಾಡಿಗೆಯನ್ನ ತಿಂಗಳ ಮೊದಲೇ ಕೊಡ್ತೀವಿ ಅಂದಿದ್ದರು. ಇದನ್ನೆಲ್ಲ ನಾನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಸುಮ್ನೆ ಅನ್ನ ಕಲಸುತ್ತಾ ಕೂತಿದ್ದೆ.

ಫೋನ್ ಮಾಡಿದ್ದೂ ನಾನೇ. "ನಮ್ಮ ಬೀಗರ ಮಗ ಇಲ್ಲಿಗೇ ವರ್ಗ ಆಗಿ ಬರಾಕತ್ತಾನ್ರಿ, ಹಿಂಗಾಗಿ..." ಅಂದೆ. "ಆತ್ರಿ ಅಕ್ಕಾರ, ಪರವಾಗಿಲ್ರಿ" ಅಂದರು ಆಕೆ. ಯಾವ ಬೀಗರ ಮಗನೂ ಇಲ್ಲ. ಯಾವ ವರ್ಗವೂ ಇಲ್ಲ.

ಇನ್ನು ಇವತ್ತಿನದು.

ಪುಟ್ಟರಾಜ ಗವಾಯಿ ಅಜ್ಜಾರು ಹೋಗಿ ಇವತ್ತಿಗೆ 13 ವರ್ಷ. 2010ರ ಸೆಪ್ಟೆಂಬರ್ 17. ಆವಾಗ ಜನ ಯಾವ ಪರಿ ಬಂದಿತ್ತು ಅನ್ನೋದು ನಮ್ಮೂರಿನವರಿಗೆಲ್ಲ ನೆನಪಿದೆ. ನಾನೂ ಬಿಸಿಲಲ್ಲಿ ನಿಂತು ಅತ್ತಿದ್ದೆ. ಅವತ್ತಿನಿಂದ ಈ ತಾರೀಖಿಗೆ, ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸುವ ಅಜ್ಜಾರ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಗದ್ದುಗೆಗೆ ಕಾಯಿ ಒಡೆಸಿಕೊಂಡು ಬರೋದನ್ನ ಬಿಟ್ಟಿಲ್ಲ. ಇವತ್ತೂ ಹೋದೆ. ದರ್ಶನ ಮುಗಿಸಿ ಪ್ರಸಾದದ ಸಾಲಿಗೆ ನಿಂತೆ.

ನನ್ನ ಮುಂದೆ ಅವರೇ ಇದ್ದರು. ಆ ಟೀಚರ್. ಮಡಚಿದ ಬಿಳಿ ಕೋಲು ಕಂಕುಳಲ್ಲಿ, ಕೈಯಲ್ಲಿ ತಟ್ಟೆ.

ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೆಯುತ್ತೇನೆ. ನಾನು ಮಾತಾಡಬಾರದು ಅಂದುಕೊಂಡೆ. ಸುಮ್ಮನಿದ್ದರೆ ಆಕೆಗೆ ಗೊತ್ತೇ ಆಗುವುದಿಲ್ಲ ಅಲ್ವಾ? ಆಕೆಗೆ ಕಣ್ಣು ಕಾಣದ್ದನ್ನೇ ನಾನು ಮರೆ ಮಾಡಿಕೊಂಡು ನಿಂತೆ. ಒಂದೈದು ನಿಮಿಷ ಹಾಗೇ. ಆಮೇಲೆ ಬಡಿಸುವ ಹುಡುಗ ಬಂದು, "ಹುಗ್ಗಿ ಇನ್ನಷ್ಟು ಹಾಕ್ಲ್ಯಾ ಟೀಚರ?" ಅಂತ ನನ್ನನ್ನ ಕೇಳಿದ. ನಾನು ಕಲಿಸುವ ಶಾಲೆಯಲ್ಲೇ ಓದಿದ ಹುಡುಗ. "ಸಾಕಪ್ಪಾ" ಅಂದೆ.

ಅಷ್ಟೇ ಸಾಕಾಯಿತು. ಆಕೆ ತಿರುಗಿದರು. "ಮುಳಗುಂದ ನಾಕಾದ ಅಕ್ಕಾರಲ್ರಿ?"

ಇಬ್ಬರೂ ಒಂದು ಕಂಬದ ಹತ್ತಿರ ಕೂತೆವು. "ನಿಮ್ಮ ಬೀಗರ ಮಗ ಬಂದ್ರೇನ್ರಿ?" ಅಂತ ಕೇಳಿದರು. ದನಿಯಲ್ಲಿ ಕೊಂಕು ಇರಲಿಲ್ಲ. ಬಾಯಿಗೆ ಹುಗ್ಗಿ ಇಟ್ಟುಕೊಂಡಿದ್ದೆ, ನುಂಗಲು ಆಗಲಿಲ್ಲ. "ಯಾರೂ ಬಂದಿಲ್ಲವಾ. ನಾ ಸುಳ್ಳ ಹೇಳಿದ್ದೆ" ಅಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗೊತ್ತಿತ್ರಿ. ಫೋನಿನಾಗ ನಿಮ್ಮ ದನಿ ಅವತ್ತಿನಂಗ ಇರಲಿಲ್ಲ."

ಒಂಬತ್ತು ಮನೆ ನೋಡಿದ್ದರಂತೆ. ಕೆಲವರು ಕಣ್ಣಿನ ಸಲುವಾಗಿ ಬೇಡ ಅಂದರು. ಇಬ್ಬರು ಜಾತಿ ಕೇಳಿ ಬೇಡ ಅಂದರು. ಒಬ್ಬರು ಮನೆ ಕೊಡಲಿಲ್ಲ, ಪಾಪ ಅಂತ ನೂರು ರೂಪಾಯಿ ಕೈಗೆ ತುರುಕಿದರು. ಕೊನೆಗೆ ಬೆಟಗೇರಿಯಲ್ಲಿ ಒಂದು ಸಿಕ್ಕಿದೆ. ಆಕೆಯ ಶಾಲೆಗೆ ದೂರ, ಎರಡು ಕಡೆ ಗಾಡಿ ಬದಲಿಸಬೇಕು. "ಈ ಊರಾಗ ರಸ್ತೆ ದಾಟಸೂ ಮಂದಿಗೇನ ಕಡಿಮಿ ಇಲ್ರಿ ಅಕ್ಕಾರ. ಕೇಳದ ಇದ್ರೂ ಕೈ ಹಿಡದು ದಾಟಸಿಬಿಡ್ತಾರ. ಎಷ್ಟೋ ಸಲ ನಾ ಈ ಕಡೆ ಬಸ್ಸಿಗೆ ನಿಂತಿರ್ತೀನಿ, ಆ ಕಡೆ ಒಯ್ದು ಬಿಟ್ಟಿರ್ತಾರ. ಮನಿ ಅಂದ್ರ..." ಅಷ್ಟಕ್ಕೆ ನಿಲ್ಲಿಸಿ, ತಟ್ಟೆಯ ಅಂಚನ್ನು ಬೆರಳಿಂದ ಸವರಿ ಉಳಿದ ಅನ್ನ ಕೂಡಿಸಿಕೊಂಡರು.

ಹೊರಡುವಾಗ ನಾನು ಆಕೆಯ ರಟ್ಟೆ ಹಿಡಿಯೋಕೆ ಹೋದೆ. ಮೆಲ್ಲಗೆ ಬಿಡಿಸಿಕೊಂಡರು. "ನೀವು ನನ್ನ ಹಿಡೀಬ್ಯಾಡ್ರಿ. ನಾನ ನಿಮ್ಮ ಮೊಣಕೈ ಹಿಡಿತೀನಿ. ನೀವು ಅರ್ಧ ಹೆಜ್ಜಿ ಮುಂದ ನಡೀರಿ." ಹಾಗೇ ಮಾಡಿದೆ. ನಾನು ತಿರುಗಿದರೆ ನನ್ನ ಮೈ ತಿರುಗಿದ್ದು ಆಕೆಗೆ ಕೈಯಲ್ಲೇ ಗೊತ್ತಾಗುತ್ತಿತ್ತು. ನಾನು ನಿಂತರೆ ಆಕೆಯೂ ನಿಲ್ಲುತ್ತಿದ್ದರು. ಎಳೆಯೋದು ಇಲ್ಲ, ನೂಕೋದು ಇಲ್ಲ. ಇಷ್ಟು ವರ್ಷ ಈ ಊರಿನಲ್ಲಿದ್ದು, ಎಷ್ಟೋ ಜನರನ್ನ ರಸ್ತೆ ದಾಟಿಸಿ, ಹೇಗೆ ಹಿಡಿಯಲಿ ಅಂತ ನಾನು ಒಬ್ಬರನ್ನೂ ಕೇಳಿರಲಿಲ್ಲ.

ಆಟೋದಲ್ಲಿ ಬರುವಾಗ ಅಜ್ಜಾರ ನೆನಪೇ ತಲೆ ತುಂಬ. ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ, ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಹುಡುಗ. ಅವರನ್ನ ಕರೆದುಕೊಂಡು ಸಾಕಿದ ಪಂಚಾಕ್ಷರ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಪಾಪ ಅಂತ ಮೂಲೆಯಲ್ಲಿ ಕೂರಿಸಿ ಅನ್ನ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಹಾಡು ಕಲಿಸಿದರು, ತಬಲಾ ಕಲಿಸಿದರು, ತಪ್ಪಿದಾಗ ಬೈದು ತಿದ್ದಿದರು. ಬಸವರಾಜ ರಾಜಗುರು ಅವರಂಥ ಕಣ್ಣಿದ್ದ ದೊಡ್ಡ ಹಾಡುಗಾರರೂ ಪಂಚಾಕ್ಷರ ಗವಾಯಿಗಳ ಕಾಲ ಬಳಿ ಕೂತೇ ಕಲಿತರು. ಮಕ್ಕಳ ಊಟಕ್ಕೆ ಅಂತ ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದ ಆಶ್ರಮ ಅದು. ಅಲ್ಲಿ ಯಾರ ಪೈಕಿ ಅಂತ ಕೇಳಿ ತಟ್ಟೆ ಇಡಲಿಲ್ಲ. ಅಜ್ಜಾರಿಗೆ 2010ರಲ್ಲಿ ಪದ್ಮಭೂಷಣ ಬಂದಾಗ ನಮ್ಮ ಓಣಿಯಲ್ಲಿ ಪೇಢೆ ಹಂಚಿದ್ದರು. ಹಂಚಿದವರಲ್ಲಿ ನನ್ನ ಗಂಡನೂ ಒಬ್ಬರು.

ಗದ್ದುಗೆಯ ಮೇಲೆ ಕೂರಿಸೋದು ನಮಗೆ ಇಷ್ಟು ಸಲೀಸು. ಮಹಡಿ ಮೇಲೆ ಇರಿಸಿಕೊಳ್ಳೋಕೆ ಯಾಕೆ ಕೈ ಬರುವುದಿಲ್ಲ?

ಶರೀಫರ ವಿಷಯದಲ್ಲೂ ನಾವು ಹೀಗೇ. ಹೋದ ವರ್ಷ ಶಾಲೆಯ ಮಕ್ಕಳನ್ನ ಶಿಶುನಾಳಕ್ಕೆ ಕರೆದುಕೊಂಡು ಹೋಗಿದ್ದೆ. ಬ್ರಾಹ್ಮಣ ಗುರು ಗೋವಿಂದ ಭಟ್ಟರು, ಮುಸಲ್ಮಾನ ಶಿಷ್ಯ ಶರೀಫರು. ಗುರು ತನ್ನ ಕೈಯಾರೆ ಶಿಷ್ಯನಿಗೆ ಜನಿವಾರ ಹಾಕಿದ ಕಥೆ ಹೇಳುವಾಗ ನನಗೇ ಗಂಟಲು ಕಟ್ಟಿತ್ತು. ಆ ಗದ್ದುಗೆಗೆ ಇವತ್ತಿಗೂ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ನಮ್ಮ ಅತ್ತೆ ಅಲ್ಲಿಗೆ ಹೋದಾಗಲೆಲ್ಲ ಸಕ್ಕರೆ ಓದಿಸಿಕೊಂಡು ಬರುತ್ತಾರೆ, ಮೊಹರಂನ ಅಲೈ ಹಬ್ಬದಲ್ಲಿ ದೇವರಿಗೆ ಲಾಡಿ ಹಾಕಿಸುತ್ತಾರೆ. ಆ ಭಕ್ತಿಯಲ್ಲಿ ಒಂದು ಚೂರೂ ಸುಳ್ಳಿಲ್ಲ, ನಾನು ಕಂಡಿದ್ದೀನಿ. ಆದರೂ ಎರಡು ವರ್ಷದ ಹಿಂದೆ ಒಬ್ಬ ಮುಸ್ಲಿಂ ಲೆಕ್ಚರರ್ ಮನೆ ಕೇಳಿಕೊಂಡು ಬಂದಾಗ ಹೇಳಿದ್ದೂ ಇದೇ ಬೀಗರ ಮಗನ ಕಥೆ. ಅವತ್ತು ಅದು ಸುಳ್ಳು ಅನ್ನೋದೂ ನನಗೆ ಚುಚ್ಚಿರಲಿಲ್ಲ.

ನಾನು ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುವವಳು. ಸಂವಿಧಾನದ 15ನೇ ವಿಧಿಯನ್ನ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತೇನೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ. ಸಂಜೆ ಬಂದು ಆ ಪಟ್ಟಿಯನ್ನ ಮತ್ತೊಮ್ಮೆ ಓದಿದೆ. ಅದರಲ್ಲಿ ಅಂಗವೈಕಲ್ಯದ ಹೆಸರಿಲ್ಲ. ಅದಕ್ಕೆ ಬೇರೆ ಕಾಯ್ದೆಯೇ ಬರಬೇಕಾಯಿತು. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇದ್ದವು, 2016ರ ಕಾಯ್ದೆಯಲ್ಲಿ 21 ಆದವು. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ, ಇಲ್ಲೆಲ್ಲ ಯಾರನ್ನೂ ತಡೆಯಬಾರದು ಅಂತ 15ನೇ ವಿಧಿ ಹೆಸರಿಟ್ಟು ಹೇಳುತ್ತೆ. ಅದನ್ನ ಓದುತ್ತಾ ಓದುತ್ತಾ ನಮ್ಮ ಗೇಟು ಕಣ್ಣ ಮುಂದೆ ಬಂತು. ಗೇಟಿನ ಒಳಗೆ ಏನಾಗಬೇಕು ಅನ್ನೋದನ್ನ ನಾವೇ ತೀರ್ಮಾನಿಸಬೇಕು. ಮೂರು ವಾರದ ಹಿಂದೆ ತೀರ್ಮಾನಿಸಿದ್ದೂ ನಾವೇ.

ಭಯ ಇರಲಿಲ್ಲ ಅಂತ ನಾನು ಹೇಳೋದಿಲ್ಲ. ಗ್ಯಾಸಿನ ಭಯ ನಿಜವಾದದ್ದೇ. ಆದರೆ ಆಕೆ ಅದಕ್ಕೆ ಉತ್ತರ ಕೊಟ್ಟಿದ್ದರಲ್ಲ, ನಮ್ಮದೇ ಕಟ್ಟೆಯ ಮೇಲೆ ಕೈ ಇಟ್ಟುಕೊಂಡು. ಉತ್ತರ ಕೇಳಿದ ಮೇಲೂ ಉಳಿದದ್ದು ಭಯ ಅಲ್ಲ. ನಮ್ಮ ಹಾಗಿಲ್ಲದವರ ಜೊತೆ ದಿನಾ ಬೆಳಗಾದರೆ ಮುಖ ನೋಡಬೇಕಲ್ಲ ಅನ್ನೋ ಇರುಸುಮುರುಸು. ಅದಕ್ಕೆ ನಾವು "ಪಾಪ, ಅವರಿಗೇ ತೊಂದರೆ" ಅಂತ ಹೆಸರಿಟ್ಟೆವು.

ಸಂಜೆ ಇವರು ಗಣಪ್ಪನ ಮಂಟಪಕ್ಕೆ ಲೈಟಿನ ಸರ ಕಟ್ಟುತ್ತಿದ್ದಾಗ ಎಲ್ಲ ಹೇಳಿದೆ. ಟೀಚರ್ ಸಿಕ್ಕಿದ್ದು, ನಾನು ಅಡಗಿ ನಿಂತದ್ದು, ಒಂಬತ್ತು ಮನೆ, ನೂರು ರೂಪಾಯಿ. ಇವರು ಏನೂ ಅನ್ನಲಿಲ್ಲ. ಸರದ ಗಂಟು ಬಿಡಿಸುತ್ತಾ ಬಹಳ ಹೊತ್ತು ಕೂತಿದ್ದರು. ಆಮೇಲೆ ನಾನು ಒದ್ದೆ ಅರಿವೆ ತಗೊಂಡು ಗೇಟಿಗೆ ಹೋದೆ. ಬೋರ್ಡಿನಲ್ಲಿ "ಮನೆ ಬಾಡಿಗೆಗೆ ಇದೆ" ಅಂತಿದೆ, ಅದರ ಕೆಳಗೆ ಇವರು ಸೀಮೆಸುಣ್ಣದಲ್ಲಿ ಬರೆದ "ಸಸ್ಯಾಹಾರಿ ಕುಟುಂಬಕ್ಕೆ ಮಾತ್ರ". ಎಲ್ಲರಿಗೂ ಗೊತ್ತು ಆ ಸಾಲಿನ ಅರ್ಥ ಅಡುಗೆಯದೊಂದೇ ಅಲ್ಲ ಅಂತ. ಆ ಸಾಲು ಒರೆಸಿದೆ. ಫೋನ್ ನಂಬರು ಉಳಿಸಿದೆ.

ಅತ್ತೆ ಕಿಟಕಿಯಿಂದ ನೋಡುತ್ತಿದ್ದರು. "ನಾಳೆ ಯಾರರ ಬಂದು ಮ್ಯಾಲೆ ಮಾಂಸ ಬೇಯಿಸಿದ್ರ ಏನ್ ಮಾಡ್ತಿ?"

"ಅವರ ಮನ್ಯಾಗ ಅವರು ಬೇಯಿಸ್ತಾರ್ರಿ ಅತ್ತಿ. ನಮ್ಮ ಮನ್ಯಾಗ ನಾವು."

"ನಿನಗ ತಿಳದಂಗ ಮಾಡವಾ" ಅಂದು ಒಳಗೆ ಹೋದರು. ಅವರಿಗೆ ಸಮಾಧಾನ ಆಗಿಲ್ಲ. ಆಗಬೇಕು ಅಂತ ನಾನು ಇವತ್ತೇ ಹಠ ಹಿಡಿಯೋದಿಲ್ಲ. ಆದರೆ ಮತ್ತೊಮ್ಮೆ ಫೋನ್ ಮಾಡಿ ಸುಳ್ಳು ಹೇಳು ಅಂದರೆ ನಾನು ಹೇಳೋದಿಲ್ಲ. ಅದನ್ನ ಊಟದ ಹೊತ್ತಿಗೆ ಇಬ್ಬರಿಗೂ ತಿಳಿಸಿದ್ದೀನಿ.

ಎಲ್ಲರ ಊಟ ಆದ ಮೇಲೆ ಮೇಲಿನ ಮನೆಯ ಕಿಟಕಿ ತೆಗೆದಿಡೋಕೆ ಹೋದೆ. ಈ ವರ್ಷ ಮಳೆ ಇಲ್ಲ, ಆದರೂ ಮುಚ್ಚಿದ ಮನೆ ಮುಗ್ಗಲು ನಾರುತ್ತೆ. ಮೆಟ್ಟಿಲ ಕೆಳಗೆ ನಿಂತಾಗ ಏನೋ ಅನ್ನಿಸಿ ಕಣ್ಣು ಮುಚ್ಚಿದೆ. ಗೋಡೆ ಹಿಡಿದು ಎಣಿಸುತ್ತಾ ಹತ್ತಿದೆ. ಒಂಬತ್ತಕ್ಕೆ ಕಾಲು ತಾಗಿ ಮುಗ್ಗರಿಸಿದೆ. ಬ್ಯಾಟರಿ ತಂದು, ಅಡಿಪಟ್ಟಿ ಹಿಡಿದು ಅಳೆದೆ. ಉಳಿದವೆಲ್ಲ ಏಳು ಇಂಚು, ಅದೊಂದು ಎಂಟೂಕಾಲು. ಮನೆ ಕಟ್ಟಿಸಿ 22 ವರ್ಷ ಆಯಿತು. ಅತ್ತೆ ಎರಡು ಸಲ ಎಡವಿದ್ದು ಅಲ್ಲೇ. ವಯಸ್ಸಾಯಿತು, ನೋಡಿಕೊಂಡು ಹತ್ತಬೇಕು ಅಂತ ನಾವು ಅವರಿಗೇ ಬೈದಿದ್ದೆವು.

ಹಬ್ಬ ಮುಗಿದ ಮೇಲೆ ಗೌಂಡಿಯನ್ನ ಕರೆಸಬೇಕು.