ಮಾಗಡಿ ಕೆರೆಯ ದಂಡೆಯಲ್ಲಿ ಒಂದು ತರಗತಿ

12 ಜನವರಿ 2025, ಭಾನುವಾರ
ಗದಗ

ನಮ್ಮ ಊರಿನ ಕೆಲವು ಗೆಳೆಯರು ಸೇರಿ ವಯಸ್ಕರಿಗಾಗಿ ನಡೆಸುತ್ತಿರುವ ನಿಸರ್ಗ ಛಾಯಾಗ್ರಹಣದ ತರಗತಿ ಇಂದು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ನಡೆಯಿತು. ಗದಗಿನಿಂದ ಸುಮಾರು 26 ಕಿಲೋಮೀಟರ್ ದೂರದ ಈ ಕೆರೆಗೆ ಹೊತ್ತು ಮೂಡುವ ಮೊದಲೇ ತಲುಪಬೇಕೆಂದು ಎಲ್ಲರಿಗೂ ತಿಳಿಸಿದ್ದೆ. ಈ ದಿನಗಳಲ್ಲಿ ಸೂರ್ಯ ಕಾಣಿಸಿಕೊಳ್ಳುವುದು ಏಳು ಗಂಟೆಯ ಸುಮಾರಿಗೆ. ಅದಕ್ಕೂ ಮೊದಲಿನ ಅರ್ಧ ಗಂಟೆಯನ್ನು ಕಳೆದುಕೊಂಡವರು ಮಾಗಡಿಯ ಅತಿ ಮುಖ್ಯವಾದ ನೋಟವನ್ನೇ ಕಳೆದುಕೊಳ್ಳುತ್ತಾರೆ. ಬಂದವರಲ್ಲಿ ನಿವೃತ್ತ ರೈಲ್ವೆ ನೌಕರರು, ಪ್ರಾಥಮಿಕ ಶಾಲೆಯ ಶಿಕ್ಷಕಿಯರು, ಔಷಧಿ ಅಂಗಡಿ ನಡೆಸುವವರೊಬ್ಬರು, ಕೆರೆಯ ಸಮೀಪದಲ್ಲೇ ಹೊಲವಿರುವ ರೈತ ಮಹಿಳೆಯೊಬ್ಬರು ಇದ್ದರು. ಅರ್ಧದಷ್ಟು ಜನರ ಬಳಿ ಮೊಬೈಲ್ ಬಿಟ್ಟರೆ ಬೇರೆ ಕ್ಯಾಮೆರಾ ಇರಲಿಲ್ಲ, ಇರಬೇಕೆಂದು ನಾನು ಕೇಳಿಯೂ ಇಲ್ಲ.

ಮಂಗೋಲಿಯಾ, ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಹಿಮಾಲಯವನ್ನು ದಾಟಿ ನಮ್ಮ ಈ ಎರೆಭೂಮಿಯವರೆಗೂ ಬರುತ್ತವೆ. ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿದ ಹೆಬ್ಬಾತುಗಳು 7,000 ಮೀಟರಿಗಿಂತಲೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಗಾಳಿ ತೆಳುವಾಗಿರುವ ಆ ಎತ್ತರದಲ್ಲಿಯೂ ಅವುಗಳ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳಬಲ್ಲದು. ನವೆಂಬರಿನಿಂದ ಮಾರ್ಚ್‌ವರೆಗೆ ಅವು ಇಲ್ಲಿರುತ್ತವೆ. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬೆಳಗಾಗುತ್ತಲೇ ಕೆರೆಗೆ ಮರಳಿ, ಹಗಲೆಲ್ಲ ನೀರಿನ ಮೇಲೆ ವಿಶ್ರಾಂತಿ ಪಡೆಯುತ್ತವೆ. ಈ ದಿನಚರಿ ತಿಳಿದಿದ್ದರೆ ಛಾಯಾಗ್ರಹಣದ ಅರ್ಧ ಪಾಠ ಮುಗಿದಂತೆಯೇ. 2024ರಲ್ಲಿ ಅಂಕಸಮುದ್ರ ಕೆರೆ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಮಾಗಡಿಯೂ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ ಎಂಬುದು ನಮ್ಮ ಜಿಲ್ಲೆಗೆ ಹೆಮ್ಮೆಯ ಸಂಗತಿ.

ಇಂದು ಮೊದಲ ಹಿಂಡು ದಕ್ಷಿಣದ ಹೊಲಗಳ ಕಡೆಯಿಂದ ಬಂದಾಗ ಆಕಾಶ ಆಗತಾನೇ ಬೆಳ್ಳಗಾಗುತ್ತಿತ್ತು. ಅಲ್ಲಿಂದಲೇ ಬೆಳಕಿನ ಪಾಠವನ್ನು ಆರಂಭಿಸಿದೆ. ಕ್ಯಾಮೆರಾ ತನ್ನ ಚೌಕಟ್ಟಿನೊಳಗಿನದ್ದನ್ನೆಲ್ಲ ನಡುಮಟ್ಟದ ಬೂದುಬಣ್ಣವೆಂದೇ ಭಾವಿಸಿ ಅಳೆಯುತ್ತದೆ. ಆದ್ದರಿಂದ ಬೆಳ್ಳಗಿನ ಆಕಾಶದಲ್ಲಿ ಹಾರುವ ಹಕ್ಕಿ ಬರಿಯ ಕಪ್ಪು ಆಕೃತಿಯಾಗುತ್ತದೆ, ಅಲ್ಲಿ ಬೆಳಕನ್ನು ನಾವೇ ಒಂದು ಹಂತ ಹೆಚ್ಚಿಸಬೇಕಾಗುತ್ತದೆ. ಅದೇ ಹಕ್ಕಿ ಇಳಿದು ಕಪ್ಪಾದ ನೀರಿನ ಮೇಲೆ ಕುಳಿತ ಕೂಡಲೇ ಲೆಕ್ಕ ತಿರುಗುಮುರುಗಾಗುತ್ತದೆ: ಕ್ಯಾಮೆರಾ ನೀರಿನ ಕಪ್ಪನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಹಕ್ಕಿಯ ಬಿಳಿಯ ತಲೆ ವಿವರವೇ ಇಲ್ಲದ ಬಿಳಿ ಕಲೆಯಾಗುತ್ತದೆ, ತಲೆಯ ಹಿಂಭಾಗದ ಎರಡು ಕಪ್ಪು ಪಟ್ಟೆಗಳು ಮಾತ್ರ ಉಳಿಯುತ್ತವೆ. ಅಲ್ಲಿ ಮುಕ್ಕಾಲು ಹಂತದಷ್ಟು ಇಳಿಸಬೇಕು. ಮೊಬೈಲಿನವರು ಹಕ್ಕಿಯ ಮೇಲೆ ಬೆರಳನ್ನು ಒತ್ತಿ ಹಿಡಿದು, ಪರದೆಯ ಮೇಲೆ ಕಾಣಿಸುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಅದೇ ಕೆಲಸವಾಗುತ್ತದೆ. ಹಾರುವ ಹೆಬ್ಬಾತಿಗೆ ಸೆಕೆಂಡಿನ 1,600ನೇ ಒಂದು ಭಾಗದಷ್ಟು ಶಟರ್ ವೇಗ ಸಾಕು. ಒಂದೇ ಹಕ್ಕಿಯ ಮೇಲೆ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ವಿರುದ್ಧ ಲೆಕ್ಕಗಳನ್ನು ಕಲಿಸುವ ಇಂಥ ಅವಕಾಶ ಕೋಣೆಯ ಪಾಠದಲ್ಲಿ ಎಂದಿಗೂ ಸಿಗದು.

ಹೊತ್ತು ಏರಿದ ಮೇಲೆ, ಸೂರ್ಯ ನಮ್ಮ ಬೆನ್ನಿಗೆ ಬರುವಂತೆ ಪೂರ್ವದ ಕಡೆಯ ದಂಡೆಗೆ ಹೋಗಿ ಕುಳಿತೆವು. ನಿಂತ ಮನುಷ್ಯನಿಗಿಂತ ಕುಳಿತ ಮನುಷ್ಯನನ್ನು ಹಕ್ಕಿ ಹೆಚ್ಚು ಸಹಿಸಿಕೊಳ್ಳುತ್ತದೆ, ಮತ್ತು ಕ್ಯಾಮೆರಾ ನೀರಿನ ಮಟ್ಟಕ್ಕೆ ಇಳಿದಷ್ಟೂ ಚಿತ್ರದಲ್ಲಿ ಹಕ್ಕಿಯ ಘನತೆ ಉಳಿಯುತ್ತದೆ. ಇನ್ನಷ್ಟು ಮುಂದೆ ಹೋಗಬಹುದೇ ಎಂದು ಕೆಲವರು ಕೇಳಿದರು. ಅವುಗಳ ಕತ್ತುಗಳನ್ನು ನೋಡಿ ಎಂದೆ. ಹಿಂಡಿನಲ್ಲಿ ಒಂದೆರಡು ಕತ್ತು ಮೇಲೆದ್ದರೆ ಅದು ಸಾಮಾನ್ಯ ಕಾವಲು; ಎಲ್ಲ ಕತ್ತುಗಳೂ ಒಟ್ಟಿಗೆ ನೆಟ್ಟಗಾದರೆ ನಾವು ಮಿತಿ ಮೀರಿದ್ದೇವೆ ಎಂದರ್ಥ.

ಒಂಬತ್ತರ ಸುಮಾರಿಗೆ ಎದುರು ದಂಡೆಯಲ್ಲಿ ಬಂದು ನಿಂತ ಯಾರೋ ಯುವಕರು ಹಿಂಡನ್ನು ಹಾರಿಸುವುದಕ್ಕೆಂದೇ ಜೋರಾಗಿ ಚಪ್ಪಾಳೆ ತಟ್ಟಿ ಕೂಗಿದರು. ನೂರಾರು ಹೆಬ್ಬಾತುಗಳು, ಅವುಗಳ ನಡುವಿದ್ದ ಸೂಜಿಬಾಲದ ಬಾತುಗಳು ಒಮ್ಮೆಲೇ ಮೇಲೆದ್ದವು. ನಮ್ಮವರ ಕ್ಯಾಮೆರಾಗಳೂ ಅಷ್ಟೇ ವೇಗವಾಗಿ ಮೇಲೆದ್ದವು. ನಾನು ತಡೆಯಲಿಲ್ಲ, ತಡೆಯುವಷ್ಟು ಸಮಯವೂ ಇರಲಿಲ್ಲ. ಆದರೆ ಉಪಾಹಾರಕ್ಕೆ ಕುಳಿತಾಗ, ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಬುತ್ತಿ ಬಿಚ್ಚುತ್ತಲೇ, ಆ ಚಿತ್ರಗಳು ನಮ್ಮ ಬೇಸಿಗೆಯ ಪ್ರದರ್ಶನಕ್ಕೆ ಬರುವುದು ಬೇಡವೆಂದು ಹೇಳಿದೆ. ನಿವೃತ್ತ ರೈಲ್ವೆ ನೌಕರರು ಒಪ್ಪಲಿಲ್ಲ. “ಸರ, ನಾವೇನು ಹಾರಿಸಿಲ್ಲಲ್ರೀ. ಆದದ್ದನ್ನ ತಗದೇವಿ. ಅದೂ ಖರೇನ ಅಲ್ಲೇನ್ರೀ?” ಎಂದರು. ಅವರ ಮಾತಿನಲ್ಲಿ ತೂಕವಿತ್ತು. ಚರ್ಚೆ ಬಹಳ ಹೊತ್ತು ನಡೆಯಿತು. ಆದರೂ ನನ್ನ ನಿಲುವು ಬದಲಾಗಿಲ್ಲ. ಮಾರ್ಚಿನಲ್ಲಿ ಮತ್ತೆ ಹಿಮಾಲಯ ದಾಟಬೇಕಾದ ಹಕ್ಕಿಗೆ ಇಲ್ಲಿನ ಹಗಲಿನ ವಿಶ್ರಾಂತಿ ಎಂದರೆ ಆ ಪ್ರಯಾಣಕ್ಕಾಗಿ ಕೂಡಿಡುವ ಶಕ್ತಿ. ಬೆದರಿ ಎದ್ದ ಹಿಂಡಿನ ಚಿತ್ರವನ್ನು ಗೋಡೆಯ ಮೇಲೆ ಹಾಕಿ ಚೆನ್ನಾಗಿದೆ ಎಂದು ಹೊಗಳಿದರೆ, ಅದನ್ನು ನೋಡಿದವರಲ್ಲಿ ಒಬ್ಬರಾದರೂ ಮುಂದಿನ ವರ್ಷ ಇದೇ ದಂಡೆಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾರೆ. ಹಾರುವ ಚಿತ್ರ ಬೇಕೆನ್ನುವವರಿಗೆ ಹಕ್ಕಿಗಳು ತಾವಾಗಿಯೇ ಹಾರುವ ಮುಂಜಾವು ಮತ್ತು ಸಂಜೆಗಳು ಇದ್ದೇ ಇವೆ. ನಮ್ಮ ತರಗತಿಯಲ್ಲಿ ಚಿತ್ರ ಹೇಗೆ ದೊರಕಿತು ಎಂಬುದನ್ನು ಮೊದಲು ಕೇಳುತ್ತೇವೆ, ಹೇಗೆ ಕಾಣುತ್ತದೆ ಎಂಬುದನ್ನು ಅನಂತರ.

ಇಂದಿನ ಅತ್ಯುತ್ತಮ ಚಿತ್ರ ಬಂದದ್ದು ರೈತ ಮಹಿಳೆಯ ಮೊಬೈಲಿನಿಂದ, ಮತ್ತು ಅದರಲ್ಲಿ ಹಕ್ಕಿಯೇ ಇಲ್ಲ. ತರಗತಿಗೆ ಬರುವ ದಾರಿಯಲ್ಲಿ ತಮ್ಮ ಕಡಲೆ ಹೊಲದ ಬದುವಿನಲ್ಲಿ ಬಗ್ಗಿ ತೆಗೆದದ್ದಂತೆ: ತುದಿ ಕಡಿದ ಗಿಡಗಳು, ಒಣಗಿ ಬಿರಿದ ಎರೆಮಣ್ಣು, ಅದರ ಮೇಲೆ ಹೆಬ್ಬಾತುಗಳ ಹಿಕ್ಕೆ, ಹಿಂದೆ ಮಸುಕಾಗಿ ಕಾಣುವ ಕೆರೆಯ ಏರಿ. “ರಾತ್ರಿ ನಮ್ಮ ಹೊಲದಾಗ ಇರ್ತಾವ್ರೀ ಸರ, ಹಗಲ ಕೆರ್ಯಾಗ. ಬೆಳಿ ತಿಂತಾವ ಖರೆ, ಗೊಬ್ಬರಾನೂ ಬಿಟ್ಟ ಹೋಗ್ತಾವ,” ಎಂದು ಅವರು ಹೇಳಿದಾಗ ಶಿಕ್ಷಕಿಯೊಬ್ಬರು, “ಅಕ್ಕಾರ, ಬ್ಯಾಸರಾಗೂದಿಲ್ಲೇನ್ರೀ?” ಎಂದು ಕೇಳಿದರು. ಎಳ್ಳ ಅಮಾವಾಸ್ಯೆಗೆ ಭೂತಾಯಿಗೆಂದು ಹೊಲದ ತುಂಬ ಅಡುಗೆಯ ಚರಗ ಚೆಲ್ಲಿದವರು ಹಕ್ಕಿಗೆ ಲೆಕ್ಕ ಹಿಡಿಯಬಾರದು ಎಂಬುದು ಅವರ ಉತ್ತರ. ಬೆಳೆಯ ನಷ್ಟ ಸಣ್ಣ ರೈತರಿಗೆ ಸಣ್ಣದಲ್ಲ ಎಂಬುದನ್ನು ನಾನು ಬಲ್ಲೆ, ಅವರ ಔದಾರ್ಯವನ್ನು ಎಲ್ಲರಿಂದಲೂ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಹೆಬ್ಬಾತಿಗೂ ಹೊಲಕ್ಕೂ ಇರುವ ಸಂಬಂಧವನ್ನು ಉದ್ದನೆಯ ಲೆನ್ಸ್ ಹಿಡಿದ ನಮ್ಮಲ್ಲಿ ಯಾರೂ ತೆಗೆದಿರಲಿಲ್ಲ.

ದಾಖಲೆಯ ವಿಷಯವನ್ನೂ ಚುಟುಕಾಗಿ ಹೇಳಿದೆ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ಮಂಗೋಲಿಯಾದ ವಿಜ್ಞಾನಿಗಳು ಕೆಲವು ಹೆಬ್ಬಾತುಗಳ ಕೊರಳಿಗೆ ಸಂಖ್ಯೆಯಿರುವ ಪಟ್ಟಿ ತೊಡಿಸಿ ಬಿಡುತ್ತಾರೆ. ಕಲೆಯ ದೃಷ್ಟಿಯಿಂದ ಸಾಧಾರಣವಾದ ಚಿತ್ರದಲ್ಲಿಯೂ ಆ ಸಂಖ್ಯೆ ಓದುವಂತಿದ್ದರೆ ಅದಕ್ಕೆ ಬೆಲೆಯಿದೆ. ಇಂದು ಅಂಥ ಹಕ್ಕಿ ನಮಗೆ ಕಾಣಲಿಲ್ಲ.

ಕಪ್ಪತಗುಡ್ಡದ ತರಗತಿಯನ್ನು ಒಂದು ವಾರ ಮುಂದಕ್ಕೆ ಹಾಕಿದ್ದೇವೆ. ಅದು 2019ರಿಂದ ವನ್ಯಜೀವಿ ಧಾಮವಾಗಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಕೇಳಿಯೇ ಹೋಗುವುದು ಸರಿ. ಅದಕ್ಕೆ ಬದಲಾಗಿ ಬರುವ ಭಾನುವಾರ ಸಂಜೆ ಐದು ಗಂಟೆಗೆ, ರೈತ ಮಹಿಳೆಯ ಆಹ್ವಾನದ ಮೇರೆಗೆ, ಅವರ ಹೊಲದ ಬದುವಿನಲ್ಲಿ ಸೇರುತ್ತೇವೆ. ಬರುವವರು ಫ್ಲ್ಯಾಶ್ ಮತ್ತು ಡ್ರೋನ್ ತರಬಾರದು, ಬಿಳಿ ಬಟ್ಟೆ ಉಡಬಾರದು, ಬೆಳೆಯೊಳಗೆ ಕಾಲಿಡಬಾರದು. ಕತ್ತಲಾದ ಮೇಲೆ ಹಿಂತಿರುಗಲು ಟಾರ್ಚ್ ಇರಲಿ, ಹಕ್ಕಿಗಳು ಇಳಿಯುವಾಗ ಅದನ್ನು ಆರಿಸಿಡಬೇಕು.