ಪಿಪಿಐಎಲ್1 ಪ್ರಗತಿ: ಮೂರನೇ ಬ್ಯಾಂಡ್‌ನ ಬಣ್ಣ ಬಯಲು

ಪಿಪಿಐಎಲ್1 ಎಂಬ ಕಿಣ್ವವನ್ನು ಕೋಶಗಳಲ್ಲಿ ತಗ್ಗಿಸಿದಾಗ, ಪಿಸಿಆರ್ ಜೆಲ್‌ನಲ್ಲಿ 380 ಬೇಸ್‌ನ ಹತ್ತಿರ ಕೂತು ಕಾಡುತ್ತಿದ್ದ ಬ್ಯಾಂಡ್ ಕೊನೆಗೂ ಹೋಯಿತು. ಅದು ಹೊಸ ಸ್ಪ್ಲೈಸ್ ರೂಪವೇನಲ್ಲ (ಆರ್‌ಎನ್‌ಎ ಬೇರೆ ರೀತಿ ಕತ್ತರಿಸಿ ಜೋಡಿಸಿದ್ದಲ್ಲ), ಬರೀ ಹೆಟೆರೊಡ್ಯೂಪ್ಲೆಕ್ಸ್, ಅಂದರೆ ಪೂರ್ತಿ ಹೊಂದದ ಎರಡು ಡಿಎನ್‌ಎ ಎಳೆಗಳ ಜೋಡಿ.

ಎಚ್‌ಇಕೆ293 ಎಂಬ ಮಾನವ ಕೋಶಗಳಲ್ಲಿ ನಾಕ್‌ಡೌನ್, ಅಂದರೆ ಜೀನ್ ತಗ್ಗಿಸುವುದು (20 ನ್ಯಾನೊಮೋಲಾರ್ ಎಸ್‌ಐಆರ್‌ಎನ್‌ಎ ಎಂಬ ಗಿಡ್ಡ ಆರ್‌ಎನ್‌ಎಯಿಂದ, 72 ಗಂಟೆ), ಆರ್‌ಎನ್‌ಎಯಿಂದ ಸಿಡಿಎನ್‌ಎ ನಕಲು ಎಲ್ಲ ಮಾಮೂಲಿ, ಬಿಡಿ. ಪ್ರೋಟೀನಿನ ಪ್ರೋಲಿನ್ ತಿರುಗಿಸುವ ಈ ಪಿಪಿಐಎಲ್1 ಕಿಣ್ವ, ಆರ್‌ಎನ್‌ಎಯಿಂದ ಇಂಟ್ರಾನ್ ಎಂಬ ಬೇಡದ ತುಂಡು ಕತ್ತರಿಸುವ ಸ್ಪ್ಲೈಸಿಯೋಸೋಮ್ ಒಳಗೇ ಪಿಆರ್‌ಪಿಎಫ್17 ಪ್ರೋಟೀನ್ ಜೊತೆ ಇರುತ್ತದೆ. ಇದು ಕೈಕೊಟ್ಟರೆ ಹೆಚ್ಚು ಪೆಟ್ಟು ಬೀಳುವುದು ಜಿ, ಸಿ ಬೇಸ್ (ಜಿಸಿ) ಜಾಸ್ತಿಯಿರುವ ಗಿಡ್ಡ ಇಂಟ್ರಾನ್‌ಗಳಿಗೆ. ಅದಕ್ಕೇ 96 ಬೇಸ್‌ನ ಇಂಟ್ರಾನ್ ಆರಿಸಿದ್ದು: ಅದು ಕತ್ತರಿಸಿ ಹೋದರೆ ಪಿಸಿಆರ್ ತುಣುಕು 180 ಬೇಸ್, ಉಳಿದರೆ 276.

ಕಂಟ್ರೋಲ್‌ನಲ್ಲಿ ಬಹುಪಾಲು 180 ಒಂದೇ. ನಾಕ್‌ಡೌನ್‌ನಲ್ಲಿ 180, 276, ಮೇಲೆ ಇನ್ನೊಂದು. ಕಿಣ್ವ ತೆಗೆದಾಗ ಮಾತ್ರ ಬರುವ ಬ್ಯಾಂಡ್ ಅಂದಮೇಲೆ ಹೊಸ ರೂಪ ಸಿಕ್ಕಿತೆಂದು ಯಾರಿಗಾದರೂ ಆಸೆ ಹುಟ್ಟುತ್ತದೆ. ಅಸಲಿಗೆ ನಡೆಯುವುದು ಇಷ್ಟೇ: ಪಿಸಿಆರ್‌ನ ಕೊನೆಯ ಸೈಕಲ್‌ಗಳಲ್ಲಿ ಪ್ರೈಮರ್ (ನಕಲು ಶುರುಮಾಡುವ ಗಿಡ್ಡ ಎಳೆ) ತೀರುತ್ತ ಬಂದು, ಉದ್ದ ಎಳೆಯೂ ಗಿಡ್ಡ ಎಳೆಯೂ ಪರಸ್ಪರ ಜೋಡಿಯಾಗುತ್ತವೆ. ಜೋಡಿ ಸಿಗದ 96 ಬೇಸ್ ಗೂನಿನಂತೆ ಹೊರಗೆ ಉಬ್ಬುತ್ತದೆ. ಜೋಡಿ ಎಳೆ ಬಿಡಿಸದ ನೇಟಿವ್ ಅಕ್ರಿಲಮೈಡ್ ಜೆಲ್‌ನಲ್ಲಿ ಅದು ತೆವಳಿಕೊಂಡು ಬರುತ್ತದೆ. ಎರಡೂ ರೂಪ ಸಾಕಷ್ಟು ಇದ್ದಾಗಲೇ ಇದು ಹುಟ್ಟುವುದರಿಂದ ನಾಕ್‌ಡೌನ್ ಲೇನ್‌ನಲ್ಲೇ ಕಾಣಿಸಿದ್ದು.

ಖಾತ್ರಿಗೆ ಎಳೆ ಬಿಡಿಸುವ 8 ಮೋಲಾರ್ ಯೂರಿಯಾ ಜೆಲ್ ಓಡಿಸಿ. ಎಳೆ ಬಿಡಿಯಾದರೆ ಬ್ಯಾಂಡ್ ಮಾಯ. ಪರಿಹಾರ: 5 ಮೈಕ್ರೊಲೀಟರ್ ಪಿಸಿಆರ್ ಉತ್ಪನ್ನವನ್ನು ಹೊಸ ಪ್ರೈಮರ್, ಹೊಸ ಪಾಲಿಮರೇಸ್ ಇರುವ 45 ಮೈಕ್ರೊಲೀಟರ್ ಮಿಕ್ಸ್‌ಗೆ ಹಾಕಿ 3 ಸೈಕಲ್, ಅಷ್ಟೇ. ಇನ್ನೂ ಒಳ್ಳೆಯದು, ಮೊದಲೇ 35 ಸೈಕಲ್‌ನಿಂದ 26ಕ್ಕೆ ಇಳಿಯುವುದು. ಇದನ್ನು ಸರಿಪಡಿಸದೆ ಇಂಟ್ರಾನ್ ಉಳಿದ ರೂಪದ ಶೇಕಡಾವಾರು ಲೆಕ್ಕ ಹಾಕಿದರೆ ಕೆಟ್ಟಿತು, ಗೂನು ಜೋಡಿ ಎರಡೂ ಬ್ಯಾಂಡ್‌ನಿಂದ ಕದ್ದಿರುತ್ತದೆ.

ಇಂಟ್ರಾನ್ ಉಳಿದ ರೂಪಕ್ಕೆ ಇನ್ನೊಂದು ಶತ್ರು ಜೀನೋಮಿಕ್ ಡಿಎನ್‌ಎ: ಅದೂ 276ಕ್ಕೇ ಬರುತ್ತದೆ. ಡಿಎನ್‌ಎ ಒಡೆಯುವ ಡಿಎನ್‌ಏಸ್ ಕಿಣ್ವ ಹಾಕಿ, ಆರ್‌ಟಿ (ಸಿಡಿಎನ್‌ಎ ಮಾಡುವ ಕಿಣ್ವ) ಇಲ್ಲದ ಟ್ಯೂಬ್ ಪ್ರತಿ ಸ್ಯಾಂಪಲ್‌ಗೂ ಇಡಿ. ಜಿಸಿ ಕಾಟಕ್ಕೆ ಪಿಸಿಆರ್‌ನಲ್ಲಿ 5% ಡಿಎಂಎಸ್‌ಒ. ಇಲ್ಲದಿದ್ದರೆ ಉದ್ದ ರೂಪ ಕಡಿಮೆ ಎಂದು ತೋರುತ್ತದೆ.

ಆರ್‌ಟಿ ಕಿಣ್ವ ಬಂದಾಗ ಐಸ್ ಪ್ಯಾಕ್ ಪೂರ್ತಿ ಕರಗಿತ್ತು. ಸಪ್ಲೈಯರ್ ಉತ್ತರ: "ಏನೂ ಆಗಲ್ಲ ಸಾರ್, ಯೂಸ್ ಮಾಡಿ." ಬದಲಿ ಬಾಟಲಿ "ಮುಂದಿನ ವಾರ", ಅಂದರೆ ಯಾವ ವಾರಕ್ಕಾದರೂ ಮುಂದಿನದೇ.

ಅಷ್ಟರಲ್ಲಿ ಮುಂದಿನ ಪ್ರಾಜೆಕ್ಟ್ ತಲೆಗೆ ಹೊಕ್ಕಿದೆ. 2021ರ ಇಲಿ ಪ್ರಯೋಗಗಳ ಪ್ರಕಾರ ಪಿಪಿಐಎಲ್1ರ ಪ್ರೋಲಿನ್ ತಿರುಗಿಸುವ ಚಟುವಟಿಕೆಯೇ ನಿರ್ಣಾಯಕವಲ್ಲ. ಹಾಗಾಗಿ ಆ ಚಟುವಟಿಕೆ ತಡೆಯುವ ಸೈಕ್ಲೋಸ್ಪೋರಿನ್ ಔಷಧಿ ಸುರಿದು ತೀರ್ಮಾನಕ್ಕೆ ಬರುವುದು ಬೇಡ. ಅದು ಕ್ಯಾಲ್ಸಿನ್ಯೂರಿನ್ ಎಂಬ ಬೇರೆ ಕಿಣ್ವಕ್ಕೂ ಕೈ ಹಾಕುತ್ತದೆ. ಬದಲಿಗೆ ಎಸ್‌ಐಆರ್‌ಎನ್‌ಎ ಗುರಿ 3' ಯುಟಿಆರ್‌ಗೆ (ಆರ್‌ಎನ್‌ಎಯ ಪ್ರೋಟೀನ್ ಆಗದ ಬಾಲ); ಕಿಣ್ವವನ್ನು ಮರಳಿ ಕೊಡಲು ಯುಟಿಆರ್ ಇಲ್ಲದ ರೆಸ್ಕ್ಯೂ ಪ್ಲಾಸ್ಮಿಡ್ ಎರಡು: ಒಂದು ಸರಿಯಾದ್ದು, ಇನ್ನೊಂದು ಸಕ್ರಿಯ ತಾಣ ಕೆಡಿಸಿದ್ದು. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಅಳೆಯುವ ವಿಧಾನ) ಎರಡರ ಪ್ರೋಟೀನ್ ಮಟ್ಟ ಸಮ ಬಂದ ಮೇಲೆಯೇ 276ನ್ನು ಅಳೆಯುವುದು.